ಹನ್ನೆರಡು ಪೆಟ್ಟು

ನಮ್ಮ ಹಾಸ್ಟೆಲಿನಲ್ಲಿ ಹುಡುಗಿಯರು ಒಂಬತ್ತು, ಚಾಪೆ ಒಂಬತ್ತು. ಬೆಳಿಗ್ಗೆ ಎಂಟು ಚಾಪೆಗಳು ಸುರುಳಿಯಾಗಿ ಗೋಡೆಗೆ ಒರಗುತ್ತಿದ್ದವು. ಒಂಬತ್ತನೆಯದು ಹಿತ್ತಲಿನ ಬೇಲಿಯ ಮೇಲೆ ಹೋಗುತ್ತಿತ್ತು. ಅದು ಕಮಲಳ ಚಾಪೆ.

ಕಮಲಳಿಗೆ ಎಂಟು ವರ್ಷ. ಸಿದ್ದಾಪುರದ ಆಚೆ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ ಪುಟ್ಟರಾಜು ಎನ್ನುವವರ ಮಗಳು. ಅಲ್ಲಿ ಹತ್ತಿರದಲ್ಲಿ ಶಾಲೆಯಿಲ್ಲ; ದೂರದ ಶಾಲೆಗೆ ಹೋಗೋಣವೆಂದರೆ ದಾರಿಯಲ್ಲಿ ಆನೆ. ಅದಕ್ಕೇ ಜೂನ್ ತಿಂಗಳಲ್ಲಿ ಒಂದು ತಗಡಿನ ಪೆಟ್ಟಿಗೆ, ಒಂದು ಕಂಬಳಿಯ ಸಮೇತ ಅವಳನ್ನು ಕರೆತಂದು ಕುಶಾಲನಗರದ ನಮ್ಮ ಹಾಸ್ಟೆಲಿನಲ್ಲಿ ಬಿಟ್ಟು ಹೋದರು. ಬಂದ ದಿನವೇ ಅವಳು ಪೆಟ್ಟಿಗೆಯ ಮುಚ್ಚಳದ ಒಳಮೈಯಲ್ಲಿ ಸೀಮೆಸುಣ್ಣದಿಂದ ಹದಿಮೂರರ ಮಗ್ಗಿಯನ್ನು ಬರೆದು ನನಗೆ ತೋರಿಸಿದಳು. ಎಂಟು ವರ್ಷಕ್ಕೆ ಹದಿಮೂರರ ಮಗ್ಗಿ! ನನಗೆ ಅದು ಈಗಲೂ ಹದಿಮೂರೆಂಟಕ್ಕೆ ಬಂದು ನಿಂತುಬಿಡುತ್ತದೆ.

ನಾನು ಆ ವರ್ಷವೇ ಬಿ.ಎ. ಮುಗಿಸಿ ಅಲ್ಲಿಗೆ ವಾರ್ಡನ್ ಆಗಿ ಬಂದಿದ್ದೆ; ಹುಡುಗಿಯರ ಬಾಯಲ್ಲಿ ಟೀಚರಕ್ಕ. ನಮ್ಮ ಊರು ಮಡಿಕೇರಿಯಿಂದ ಪಶ್ಚಿಮಕ್ಕೆ, ಬೆಟ್ಟದ ಮಗ್ಗುಲಲ್ಲಿ. ಕುಶಾಲನಗರವೋ ಆಗಿನ್ನೂ ಬೇರೆಯಾಗಿದ್ದ ಕೊಡಗು ರಾಜ್ಯದ ಪೂರ್ವದ ಅಂಚು. ಹೊಳೆ ದಾಟಿದರೆ ಮೈಸೂರು ರಾಜ್ಯ. ಒಂದೇ ಕೊಡಗು, ಆದರೂ ನನಗೆ ಬೇರೆ ದೇಶಕ್ಕೆ ಬಂದಂತಿತ್ತು. ನಾಲ್ಕು ಜನ ಇರುವಲ್ಲಿ ಬಾಯಿ ತೆರೆಯಬೇಕೆಂದರೆ ನನಗೆ ಮಾತು ಹೊರಡುವುದಿಲ್ಲ. ಹೇಳಬೇಕಾದ್ದನ್ನೆಲ್ಲ ರಾತ್ರಿ ಡೈರಿಯಲ್ಲಿ ಬರೆದು, ಬೆಳಿಗ್ಗೆ ಹೇಳದೆ ಸುಮ್ಮನಿದ್ದುಬಿಡುವುದು ನನ್ನ ಹಳೆಯ ಅಭ್ಯಾಸ.

ಹೇಳುವ ಕೆಲಸವನ್ನು ಅಡುಗೆಯ ಸಿದ್ದಮ್ಮ ವಹಿಸಿಕೊಂಡಿದ್ದಳು. ಬೇಲಿಯ ಮೇಲೆ ಚಾಪೆ ಕಂಡ ಎರಡನೆಯ ದಿನವೇ ಅವಳು ತೀರ್ಮಾನ ಕೊಟ್ಟಳು: "ಹೊತ್ತು ಮುಳುಗಿದ ಮ್ಯಾಲೆ ಒಲೆ ತಾವ ಕುಂತ್ಕೊಂಡು ಕೊಳ್ಳಿ ಕೆದಕ್ತಾಳೆ ಯಮುನಮ್ಮಾರೆ. ಬೆಂಕಿ ಜೊತೆ ಆಡಿದ ಮಕ್ಳು ರಾತ್ರಿಗೆ ಹಿಂಗೇ ಮಾಡಾದು."

ಕಮಲ ಒಲೆಯ ಹತ್ತಿರ ಹೋಗುವುದನ್ನು ಬಿಟ್ಟಳು. ಚಾಪೆ ಬೇಲಿಗೆ ಹೋಗುವುದು ಬಿಡಲಿಲ್ಲ. ಸಿದ್ದಮ್ಮ ಮಲಗುವಾಗ ಎಳ್ಳು, ಬೆಲ್ಲ ಕುಟ್ಟಿ ಉಂಡೆ ಮಾಡಿ ತಿನ್ನಿಸಿದಳು. ಉಳಿದ ಎಂಟು ಜನ ತಮಗೂ ಉಂಡೆ ಬೇಕೆಂದು ಸಾಲಾಗಿ ನಿಂತರು. ಒಂದು ವಾರದಲ್ಲಿ ಎಳ್ಳು ಮುಗಿಯಿತು, ಅಷ್ಟೆ. ಜುಲೈ ತಿಂಗಳ ಮಳೆಯಲ್ಲಿ ಚಾಪೆ ಹೇಗೋ ಸಂಜೆಯೊಳಗೆ ಆರುತ್ತಿತ್ತು, ಕಂಬಳಿ ಆರುತ್ತಿರಲಿಲ್ಲ. ಅದನ್ನು ಒಲೆಯ ಮೇಲಿನ ಹಗ್ಗಕ್ಕೆ ಹಾಕುವುದು, ಅದರ ವಾಸನೆ ಸಾರಿಗೆ ಹತ್ತುತ್ತದೆಂದು ಸಿದ್ದಮ್ಮ ಗೊಣಗುವುದು ದಿನವೂ ನಡೆಯಿತು.

ಹಾಸ್ಟೆಲು ನಡೆಸುತ್ತಿದ್ದುದು ಊರಿನ ಹೆಂಗಸರ ಒಂದು ಸಮಿತಿ. ಅದರ ಅಧ್ಯಕ್ಷೆ ಕಾಮಾಕ್ಷಮ್ಮನವರು. ಕೈಯಲ್ಲಿ ಗಂಡಸರ ದೊಡ್ಡ ಕರಿ ಕೊಡೆ ಹಿಡಿದು ತಿಂಗಳಿಗೊಮ್ಮೆ ಬರುವರು, ಪಾತ್ರೆಗಳ ತಳ ಮುಟ್ಟಿ ನೋಡುವರು. ಜುಲೈ ಕೊನೆಗೆ ಬಂದಾಗ ಬೇಲಿಯ ಮೇಲಿನ ಚಾಪೆಯನ್ನೂ ನೋಡಿದರು.

"ಇನ್ನೂ ನಿಂತಿಲ್ವೇನ್ರೀ ಇದು?"

"ಇಲ್ಲ" ಎಂದೆ.

"ನೋಡಿ ಯಮುನ, ನನಗೂ ಮಕ್ಕಳ ಮೇಲೆ ಕನಿಕರ ಇದೆ. ಆದ್ರೆ ಇಲ್ಲಿ ಒಂದೇ ಕೋಣೆ. ಬೇರೆ ಮಕ್ಕಳ ತಾಯಂದಿರು ನನ್ನನ್ನು ಕೇಳ್ತಾರೆ. ಗೌರಿ ಹಬ್ಬದ ರಜಕ್ಕೆ ಎಲ್ಲರೂ ಊರಿಗೆ ಹೋಗ್ತಾರಲ್ಲ, ಅಷ್ಟರೊಳಗೆ ಸರಿಹೋದ್ರೆ ಸರಿ. ಇಲ್ಲದಿದ್ರೆ ಈ ಹುಡುಗಿ ಪೆಟ್ಟಿಗೆ ಸಮೇತ ಹೋಗಲಿ. ವಾಪಸು ಬರೋದು ಬೇಡ."

ನಾನು ಏನಾದರೂ ಹೇಳಬೇಕಿತ್ತು. ಡೈರಿಯಲ್ಲಿ ಎರಡು ಪುಟ ಹೇಳಿದೆ. ಅವರ ಮುಂದೆ ತಲೆಯಾಡಿಸಿದೆ.

ಕಮಲ ಬಾಗಿಲ ಹಿಂದೆಯೇ ಇದ್ದಳು. ಮಾರನೆಯ ದಿನದಿಂದ ಅವಳು ಮಧ್ಯಾಹ್ನದ ಮೇಲೆ ನೀರು ಕುಡಿಯುವುದನ್ನು ನಿಲ್ಲಿಸಿದಳು. ರಾತ್ರಿ ಎಲ್ಲರೂ ಮಲಗಿದ ಮೇಲೆ ಗೋಡೆಗೆ ಬೆನ್ನು ಕೊಟ್ಟು ಕುಳಿತು ಮಗ್ಗಿ ಹೇಳಿಕೊಳ್ಳುತ್ತಿದ್ದಳು. ನಿದ್ದೆ ಮಾಡದಿದ್ದರೆ ಚಾಪೆ ನೆನೆಯುವುದಿಲ್ಲವಲ್ಲ! ಹದಿನಾಲ್ಕರ ಮಗ್ಗಿಯ ನಡುವೆ ಎಲ್ಲಿಯೋ ತಲೆ ವಾಲುತ್ತಿತ್ತು, ಆಮೇಲೆ ಸಿಡಿಲು ಬಡಿದರೂ ಎಚ್ಚರವಿಲ್ಲ. ಬೆಳಿಗ್ಗೆ ಚಾಪೆ ಬೇಲಿಗೆ, ಅವಳು ಶಾಲೆಗೆ. ಶಾಲೆಯಲ್ಲಿ ಸ್ಲೇಟಿನ ಮೇಲೆ ತಲೆಯಿಟ್ಟು ನಿದ್ದೆ. ಕೆನ್ನೆಯ ಮೇಲೆ ಲೆಕ್ಕ ಅಚ್ಚೊತ್ತಿಕೊಂಡು ಹಾಸ್ಟೆಲಿಗೆ ಬರುತ್ತಿದ್ದಳು.

ನಾನು ಅವಳನ್ನು ರಾತ್ರಿ ಎಬ್ಬಿಸಿ ನೋಡಿದೆ. ಎತ್ತಿ ನಿಲ್ಲಿಸಿದರೆ ನಿಲ್ಲುವಳು, ನಡೆಸಿದರೆ ನಡೆಯುವಳು, ಹಿತ್ತಲಿಗೆ ಕರೆದೊಯ್ದರೆ ಅಲ್ಲಿ ನಿಂತೇ ನಿದ್ದೆ ಮಾಡುವಳು. ವಾಪಸು ತಂದು ಮಲಗಿಸಿದ ಅರ್ಧ ಗಂಟೆಯೊಳಗೆ ಚಾಪೆ ಒದ್ದೆ. ನನ್ನ ಬಳಿ ಒಂದು ಟೈಂಪೀಸ್ ಇತ್ತು. ಹನ್ನೆರಡಕ್ಕೆ ಅಲಾರಂ ಇಟ್ಟು ಅವಳ ಕಿವಿಯ ಪಕ್ಕದಲ್ಲೇ ಇರಿಸಿದೆ. ಅದು ಕಿರುಚಿದ್ದಕ್ಕೆ ಎಂಟು ಹುಡುಗಿಯರು ಎದ್ದು, ಬೆಳಗಾಯಿತೆಂದು ಚಾಪೆ ಸುತ್ತಿ, ಇದ್ದಿಲಪುಡಿ ಹಿಡಿದು ಬಚ್ಚಲ ಮುಂದೆ ಹಲ್ಲುಜ್ಜಲು ಸಾಲು ನಿಂತರು. ಕಮಲ ಮಾತ್ರ ಮಗ್ಗುಲು ಕೂಡ ಬದಲಿಸಲಿಲ್ಲ.

ಆಗಸ್ಟ್ ಎರಡನೆಯ ವಾರ ಒಂದು ಸಂಜೆ ಅವಳ ತಲೆ ಬಾಚುತ್ತ ಕೇಳಿದೆ: "ಮನೇಲೂ ಹೀಗೇ ಆಗ್ತಿತ್ತಾ ಕಮಲ?"

"ಇಲ್ಲ ಟೀಚರಕ್ಕ. ಒಂದಿನಾನೂ ಇಲ್ಲ."

ಅಡುಗೆಮನೆಯಿಂದ ಸಿದ್ದಮ್ಮ ಹೂಂಕರಿಸಿದಳು. "ಎಲ್ಲಾ ಮಕ್ಳೂ ಹಂಗೇ ಅಂತಾವೆ."

"ನಿಜವಾಗ್ಲೂ ಇಲ್ಲ!" ಕಮಲ ತಲೆ ತಿರುಗಿಸಿದ್ದರಿಂದ ಬಾಚಣಿಗೆ ನನ್ನ ಕೈಯಿಂದ ಬಿತ್ತು. "ಅಲ್ಲಿ ರಾತ್ರಿ ಹನ್ನೆರಡು ಹೊಡೀತಾರಲ್ಲ. ಹನ್ನೆರಡು ಹೊಡೆದ್ರೆ ಅಜ್ಜಿ ಏಳ್ತಾರೆ, ನಾನೂ ಏಳ್ತೀನಿ. ಇಬ್ರೂ ಹೋಗಿ ಬಂದು ಮಲಗ್ತೀವಿ. ಇಲ್ಲಿ ಯಾರೂ ಹೊಡಿಯೋದೇ ಇಲ್ಲ."

"ಏನನ್ನ ಹೊಡೀತಾರೆ?"

"ಕಂಬೀನ."

ಆಗ ನನಗೆ ಅರ್ಥವಾಯಿತು. ಎಸ್ಟೇಟುಗಳಲ್ಲಿ ಕಾಫಿ ಗೋದಾಮಿನ ಮುಂದೆ ರೈಲು ಕಂಬಿಯ ಒಂದು ತುಂಡನ್ನು ಮರಕ್ಕೆ ತೂಗು ಹಾಕಿರುತ್ತಾರೆ. ಕೊಡಗಿಗೆ ರೈಲು ಬಂದಿಲ್ಲ, ಕಂಬಿಯ ತುಂಡುಗಳು ಮಾತ್ರ ಬಂದಿವೆ. ಬೆಳಿಗ್ಗೆ ಅದನ್ನು ಬಡಿದು ಆಳುಗಳನ್ನು ಕರೆಯುತ್ತಾರೆ. ರಾತ್ರಿ ಕಾವಲುಗಾರ ಗಂಟೆ ಗಂಟೆಗೂ ಅದಕ್ಕೆ ಬಡಿಯಬೇಕು. ತಾನು ಎದ್ದಿದ್ದೇನೆಂದು ಸಾಹುಕಾರರಿಗೆ ತಿಳಿಸುವುದಕ್ಕೆ. ಹುಟ್ಟಿದಂದಿನಿಂದ ಕಮಲ ಆ ಸದ್ದಿನಲ್ಲೇ ಮಲಗಿದ್ದಳು, ಆ ಸದ್ದಿಗೇ ಎದ್ದಿದ್ದಳು. ಕುಶಾಲನಗರದ ನಮ್ಮ ಬೀದಿ ಒಂಬತ್ತಕ್ಕೆ ಬಾಗಿಲು ಹಾಕಿದರೆ ಬೆಳಗಿನವರೆಗೆ ಸದ್ದಿಲ್ಲ. ಅವಳಿಗೆ ಹನ್ನೆರಡು ಎನ್ನುವುದೇ ಆಗುತ್ತಿರಲಿಲ್ಲ.

ಕಂಬಿಯ ತುಂಡಿಗೆ ಎಲ್ಲಿ ಹೋಗುವುದು? ಯಾರನ್ನು ಕೇಳುವುದು? ಕೇಳಬೇಕೆಂದರೆ ಮಾತಾಡಬೇಕು. ದೇವರ ಗೂಡಿನಲ್ಲಿ ಶುಕ್ರವಾರದ ಭಜನೆಯ ಜಾಗಟೆ ಇತ್ತು. ಅದೂ ಲೋಹವೇ, ಅದಕ್ಕೂ ಒಳ್ಳೆಯ ನಾದವಿದೆ ಎಂದುಕೊಂಡೆ. ಸಿದ್ದಮ್ಮ ರಾತ್ರಿ ತನ್ನ ಮನೆಗೆ ಹೋಗಿಬಿಡುತ್ತಿದ್ದಳು. ಅವಳು ಅಂದು ಇದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಹನ್ನೆರಡಕ್ಕೆ ಸರಿಯಾಗಿ ಜಗಲಿಗೆ ಬಂದು ನಿಂತೆ. ಮಳೆ ನಿಂತಿತ್ತು. ಎಣಿಸಿ ಹೊಡೆದೆ. ಒಂದು, ಎರಡು, ಮೂರು. ಆರಕ್ಕೆ ಎದುರು ಮನೆಯ ಬಾಗಿಲು ತೆರೆಯಿತು. ಎಂಟಕ್ಕೆ ಎರಡು ಲಾಟೀನು ಹೊರಬಂದವು. ಹನ್ನೆರಡಾಗುವಷ್ಟರಲ್ಲಿ ಬೀದಿಯಿಡೀ ಕಂಬಳಿ ಹೊದ್ದು ಓಡುತ್ತಿತ್ತು. ನನ್ನ ಕಡೆಗಲ್ಲ, ನಮ್ಮ ಪಕ್ಕದ ಮನೆಯ ಕಡೆಗೆ. ಅಲ್ಲಿ ಹಿಂದೆ ಎತ್ತಿನ ಗಾಡಿ ಹೊಡೆಯುತ್ತಿದ್ದ ಸಣ್ಣಸ್ವಾಮಿ ತಾತ ಒಬ್ಬರೇ ಇದ್ದರು. ಎಂಬತ್ತು ದಾಟಿದವರು, ತಿಂಗಳಿಂದ ಕೆಮ್ಮು.

"ತಾತ ಹೋಗ್ಬುಟ್ಟ! ಸಣ್ಣಸ್ವಾಮಿ ತಾತ ಹೋಗ್ಬುಟ್ಟ!"

ಎದುರು ಮನೆಯ ವನಜಮ್ಮ ತಾತನ ಹೊಸ್ತಿಲ ಮೇಲೆ ಕುಳಿತು ರಾಗ ತೆಗೆದೇಬಿಟ್ಟಳು. "ಅಯ್ಯೋ ನನ್ನಪ್ಪಾ, ಸಂಜೆ ಉಪ್ಪಿನಕಾಯಿ ಕೇಳ್ದಲ್ಲೋ, ನಾಳೆ ಕೊಡ್ತೀನಿ ಅಂದ್ಬುಟ್ನಲ್ಲೋ..."

ಬಾಗಿಲು ತೆರೆಯಿತು. ಸಣ್ಣಸ್ವಾಮಿ ತಾತ ತಲೆಗೆ ಟವಲು ಸುತ್ತಿಕೊಂಡು ಹೊರಗೆ ಬಂದರು.

"ತಂದಿದ್ದೀಯ?" ಎಂದರು.

ವನಜಮ್ಮನ ರಾಗ ಅರ್ಧಕ್ಕೆ ನಿಂತಿತು.

"ಯಾಕ್ರೋ ಎಲ್ಲಾ ಬಂದಿದ್ದೀರಿ? ಜಾಗಟೆ ಕೇಳಿ ನಾನೂ ಎದ್ದೆ. ಯಾರು ಹೋದ್ರು?"

"ನೀನೇ ತಾತ" ಎಂದಿತು ಗುಂಪಿನಿಂದ ಒಂದು ದನಿ.

"ನಾನಾ? ನಂಗ್ಯಾರೂ ಹೇಳ್ನೇ ಇಲ್ವಲ್ಲ!"

ನಮ್ಮ ಕಡೆ ಸಾವಾದರೆ ಕೋವಿಯಿಂದ ಗುಂಡು ಹಾರಿಸಿ ಊರಿಗೆ ತಿಳಿಸುತ್ತಾರೆ. ಜಾಗಟೆಯೆಂದರೆ ನಮಗೆ ಮಂಗಳಾರತಿ, ಪ್ರಸಾದ. ಈ ಬೀದಿಯವರೋ ಹಾಸನ, ಮೈಸೂರು ಕಡೆಯಿಂದ ಬಂದು ನೆಲೆಸಿದವರು. ಅವರಲ್ಲಿ ಹೆಣದ ಮುಂದೆ ದಾಸಯ್ಯ ಶಂಖ ಊದಿ ಜಾಗಟೆ ಬಾರಿಸುತ್ತಾನೆ. ಹೊತ್ತಲ್ಲದ ಹೊತ್ತಿನಲ್ಲಿ ಜಾಗಟೆ ಕೇಳಿದರೆ ಯಾರೋ ಹೋದರೆಂದೇ ಅರ್ಥ. ಇದೆಲ್ಲ ನನಗೆ ತಿಳಿದದ್ದು ಮಾರನೆಯ ದಿನ. ಆ ಕ್ಷಣ ನನಗೆ ಕಂಡದ್ದು ಇಷ್ಟೆ: ಇಪ್ಪತ್ತು ಲಾಟೀನುಗಳು ಒಟ್ಟಿಗೆ ಹಾಸ್ಟೆಲಿನ ಜಗಲಿಯ ಕಡೆಗೆ ತಿರುಗಿದವು, ಜಗಲಿಯಲ್ಲಿ ಜಾಗಟೆ ಹಿಡಿದುಕೊಂಡು ನಾನು ನಿಂತಿದ್ದೆ.

ಒಳಗೆ ನುಗ್ಗಿ ಅಗುಳಿ ಹಾಕಿಕೊಂಡೆ.

ಹಿತ್ತಲ ಬಾಗಿಲಿನಿಂದ ಕಮಲ ಕಣ್ಣುಜ್ಜುತ್ತ ಬಂದಳು. "ಬೀದೀಲಿ ಏನು ಟೀಚರಕ್ಕ ಗಲಾಟೆ?"

"ನೀನು ಯಾವಾಗ ಎದ್ದೆ?"

"ಹನ್ನೆರಡಾಯ್ತಲ್ಲ. ಹೋಗಿ ಬಂದೆ" ಎಂದು ಚಾಪೆಯ ಮೇಲೆ ಉರುಳಿ ಮರುಗಳಿಗೆ ನಿದ್ದೆಹೋದಳು.

ಬೆಳಿಗ್ಗೆ ಅವಳೇ ಚಾಪೆ ಸುತ್ತಿದಳು. ಗೋಡೆಗೆ ಒರಗಿಸಿದಳು. ಎರಡು ಹೆಜ್ಜೆ ಹೋಗಿ, ಹಿಂದೆ ಬಂದು, ಮತ್ತೊಮ್ಮೆ ಮುಟ್ಟಿ ನೋಡಿದಳು. ಒಂಬತ್ತು ಚಾಪೆಗಳನ್ನೂ ಒಂದೇ ಗೋಡೆಯಲ್ಲಿ ನಾನು ನೋಡಿದ್ದು ಅದೇ ಮೊದಲು.

ಆ ಸಂತೋಷ ಕಾಫಿ ಆರುವ ಮೊದಲೇ ಮುಗಿಯಿತು. ಅಂಗಳದಲ್ಲಿ ಬೀದಿಯ ಜನ, ಅವರ ನಡುವೆ ಕರಿ ಕೊಡೆ, ಕೊಡೆಯ ಕೆಳಗೆ ಕಾಮಾಕ್ಷಮ್ಮನವರು. ಸಿದ್ದಮ್ಮ ಸೌದೆ ಹಿಡಿದುಕೊಂಡೇ ಬಾಗಿಲಲ್ಲಿ ನಿಂತಳು.

"ಯಮುನ, ಇದೇನ್ರೀ? ಜೀವಂತ ಇರೋ ಮನುಷ್ಯನಿಗೆ ಜಾಗಟೆ ಹೊಡೆದ್ರಂತೆ?"

"ಬಿ.ಎ. ಓದವ್ರೆ ಕಣಮ್ಮ, ಪಾಪ" ಎಂದು ಗುಂಪಿನಲ್ಲಿ ಯಾರೋ ನನ್ನ ಪರವಾಗಿಯೋ ವಿರುದ್ಧವಾಗಿಯೋ ಹೇಳಿದರು.

"ಸಾವಿಗಲ್ಲ" ಎಂದೆ. ನನ್ನ ದನಿ ನನಗೇ ಕೇಳಲಿಲ್ಲ.

"ಮತ್ಯಾಕೆ? ಜೋರಾಗಿ ಹೇಳಿ."

ಕಮಲ ನನ್ನ ಬೆನ್ನ ಹಿಂದೆ, ಬಾಗಿಲ ಸಂದಿಯಲ್ಲಿದ್ದಳು. ಹೆಸರು ಹೇಳಿದರೆ ನನ್ನ ಮೇಲಿನ ತಪ್ಪು ಹೋಗುತ್ತಿತ್ತು. ಆದರೆ ಅವಳು ಆ ಬೀದಿಯಲ್ಲಿ ಶಾಲೆಗೆ ಹೋಗುವಾಗ, ಬರುವಾಗ, ನೀರಿಗೆ ಹೋಗುವಾಗ ಆ ಮಾತೇ ಅವಳ ಹಿಂದೆ ಬರುತ್ತಿತ್ತು. ಅದು ಹೇಗಿರುತ್ತದೆಂದು ನನಗೆ ಗೊತ್ತಿತ್ತು. ಡೈರಿಯಲ್ಲೂ ನಾನು ಎಂದೂ ಬರೆಯದಿದ್ದ ಒಂದು ಮಾತು ಬಾಯಿಗೆ ಬಂದುಬಿಟ್ಟಿತು.

"ನಾನು ಹದಿಮೂರು ವರ್ಷದ ತನಕ ರಾತ್ರಿ ಹಾಸಿಗೆ ಒದ್ದೆ ಮಾಡ್ತಿದ್ದೆ."

ಹೆಂಚಿನಿಂದ ನೀರು ತೊಟ್ಟಿಕ್ಕುವುದು ಕೇಳಿಸಿತು.

"ಬೈದ್ರು, ಹೆದರಿಸಿದ್ರು, ಹರಕೆ ಹೊತ್ರು. ನಿಲ್ಲಲಿಲ್ಲ. ನೆಂಟರ ಮನೆಗೆ ನಾನು ಹೋಗ್ತಾನೇ ಇರ್ಲಿಲ್ಲ, ರಾತ್ರಿ ಉಳೀಬೇಕಾಗುತ್ತೆ ಅಂತ. ಆಮೇಲೆ ತಾನಾಗೇ ನಿಂತೋಯ್ತು. ಜನರ ಮುಂದೆ ಬರೋ ಭಯ ಮಾತ್ರ ಉಳೀತು. ನಮ್ಮ ಹಾಸ್ಟೆಲಲ್ಲಿ ಒಂದು ಮಗು ಇದೆ. ಯಾವ್ದು ಅಂತ ಕೇಳ್ಬೇಡಿ. ಹನ್ನೆರಡಕ್ಕೆ ಸದ್ದು ಕೇಳಿದ್ರೆ ಅದಕ್ಕೆ ಎಚ್ಚರ ಆಗುತ್ತೆ. ಅದಕ್ಕೇ ಹೊಡೆದೆ. ಜಾಗಟೆಯ ವಿಷಯ ಗೊತ್ತಿರ್ಲಿಲ್ಲ. ತಾತ, ತಪ್ಪಾಯ್ತು. ಆದ್ರೆ ಇವತ್ತು ಚಾಪೆ ಒದ್ದೆಯಾಗಿಲ್ಲ."

ಸಣ್ಣಸ್ವಾಮಿ ತಾತನ ಭುಜ ಅಲುಗಾಡತೊಡಗಿತು. ಕೆಮ್ಮೆಂದುಕೊಂಡೆ. ಅದು ನಗು.

"ಹದಿಮೂರಾ? ನಂದು ಹದಿನಾರು ಕಣವ್ವ! ನಮ್ಮವ್ವ ಕಾಲಿಗೆ ಹಗ್ಗ ಕಟ್ಟಿ, ಇನ್ನೊಂದು ತುದೀನ ಕರೂಗೆ ಕಟ್ಟಿದ್ಲು. ಕರು ಎದ್ರೆ ನಾನೂ ಏಳಬೇಕು ಅಂತ. ಕರೂನೂ ಏಳ್ಲಿಲ್ಲ, ನಾನೂ ಏಳ್ಲಿಲ್ಲ. ಮದ್ವೆ ಗೊತ್ತಾದ ಮ್ಯಾಲೆ ನೋಡು, ಹೆದರ್ಕೊಂಡು ನಿಂತೋಯ್ತು."

ಎಲ್ಲರೂ ಹೋ ಎಂದು ನಕ್ಕರು. ವನಜಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಮುಂದೆ ಬಂದಳು. "ನಮ್ಮನೇಲಿ ಮೂರು ಮಕ್ಳು, ಮೂರು ಚಾಪೆ. ಬೇಲಿ ಮ್ಯಾಲೆ ಹಾಕೋವಾಗ ಯಾರಾದ್ರೂ ಕೇಳಿದ್ರೆ ಮನೆ ಸೋರ್ತದೆ ಅಂತೀನಿ."

"ನಮ್ಮನೇನೂ ಸೋರ್ತದೆ" ಎಂದಳು ಹಿಂದಿನಿಂದ ಇನ್ನೊಬ್ಬಳು.

"ನಿಮ್ಮನೇಗೆ ಮೊನ್ನೆ ತಾನೆ ಹೊಸ ಹೆಂಚು ಹಾಕ್ಸಿದ್ರಲ್ಲೇ!"

"ಅದೇ ಕಣಕ್ಕ, ಹೆಂಚು ಹೊಸ್ದು, ಮಗ ಹಳೇದು."

ರಾತ್ರಿ ಜಾಗಟೆಯ ಸದ್ದಿಗೆ ತನ್ನ ಮೂರೂ ಮಕ್ಕಳು ಎದ್ದು ಹೋಗಿ ಬಂದದ್ದು ವನಜಮ್ಮನಿಗೆ ಆಗ ನೆನಪಾಯಿತು. ತನ್ನ ಬೇಲಿಯ ಕಡೆ ತಿರುಗಿ ನೋಡಿದಳು. ಅವತ್ತು ಚಾಪೆಯಿರಲಿಲ್ಲ. "ಅಯ್ಯೋ, ಹೌದಲ್ಲ!" ಎಂದು ಕೆನ್ನೆಗೆ ಕೈಯಿಟ್ಟಳು.

"ದಿನಾ ಹೊಡೀರಿ ಟೀಚರಮ್ಮ" ಎಂದರು ಇಬ್ಬರು ಮೂವರು.

"ಜಾಗಟೆ ಬ್ಯಾಡ!" ಎಂದರು ಸಣ್ಣಸ್ವಾಮಿ ತಾತ. "ಅದನ್ನ ನಂಗೆ ಒಂದೇ ಸಲ ಹೊಡೀಬೇಕು, ಅದನ್ನ ಕೇಳಕ್ಕೆ ನಾನಿರಬಾರ್ದು. ನಮ್ಮ ಅಟ್ಟದ ಮ್ಯಾಲೆ ರೈಲು ಕಂಬಿ ತುಂಡೈತೆ. ಎಸ್ಟೇಟುಗಳಿಗೆ ಅಂತ ಮೈಸೂರಿಂದ ಗಾಡೀಲಿ ತಂದವನೇ ನಾನು. ಒಂದು ಮಿಕ್ಕಿತ್ತು. ಸೀಬೆ ಮರಕ್ಕೆ ಕಟ್ತೀನಿ. ಹೆಂಗೂ ರಾತ್ರಿಯೆಲ್ಲ ನಂಗೆ ನಿದ್ದೆಯಿಲ್ಲ, ನಾನೇ ಹೊಡೀತೀನಿ."

ನಗದೆ ನಿಂತವರು ಕಾಮಾಕ್ಷಮ್ಮನವರೊಬ್ಬರೇ. ಕೊಡೆ ಮಡಿಸಿದರು. "ಒಂದು ದಿನ ಒದ್ದೆಯಾಗದಿದ್ರೆ ಆಗ್ಲಿಲ್ಲ. ಹಬ್ಬದ ರಜ ಶುರುವಾಗೋ ಹಿಂದಿನ ರಾತ್ರಿ ನಾನೇ ಇಲ್ಲಿ ಬಂದು ಮಲಗ್ತೀನಿ. ಬೆಳಿಗ್ಗೆ ಒಂಬತ್ತು ಚಾಪೆನೂ ಗೋಡೆಗೆ ಇರ್ಬೇಕು. ಇದ್ರೆ ಹುಡುಗಿ ಇರ್ತಾಳೆ. ಇಲ್ದಿದ್ರೆ ನನ್ನ ಮಾತು ಮಾತೇ."

ಸಂಜೆಯೊಳಗೆ ಕಂಬಿ ಸೀಬೆ ಮರಕ್ಕೆ ಏರಿತು. ನಮ್ಮ ಹಿತ್ತಲಿಗೂ ತಾತನ ಹಿತ್ತಲಿಗೂ ನಡುವೆ ಇದ್ದದ್ದು ಒಂದು ಮುರುಕು ಬೇಲಿ, ಕರು ನುಗ್ಗುವಷ್ಟು ಕಂಡಿ. ಮಳೆಗಾಲದಲ್ಲಿ ಚುಕ್ಕಿ ನೋಡಿ ಹೊತ್ತು ಹೇಳುವುದು ಆಗದೆಂದು ತಾತ ನನ್ನ ಟೈಂಪೀಸನ್ನು ಇಸಕೊಂಡರು. ಅಂದು ರಾತ್ರಿ ಮೊದಲ ಪೆಟ್ಟು ಬಿದ್ದಾಗ, ಕಮಲ ನಿದ್ದೆಗಣ್ಣಲ್ಲೇ ನಕ್ಕು ಎದ್ದಳು.

ಎಲ್ಲ ರಾತ್ರಿಯೂ ಗೆಲುವಾಯಿತೆಂದಲ್ಲ. ಮೊದಲ ವಾರದಲ್ಲಿ ಎರಡು ಸಲ ಚಾಪೆ ಬೇಲಿಗೆ ಹೋಯಿತು, ಎರಡನೆಯ ವಾರದಲ್ಲಿ ಒಂದು ಸಲ. ಆಮೇಲೆ ಇಲ್ಲ. ಅವಳು ಮತ್ತೆ ನೀರು ಕುಡಿಯತೊಡಗಿದಳು, ಎಂಟೂವರೆಗೆ ಮಲಗತೊಡಗಿದಳು. ಶಾಲೆಯಿಂದ ಬರುವಾಗ ಲೆಕ್ಕ ಕೆನ್ನೆಯ ಮೇಲಿರದೆ ಸ್ಲೇಟಿನ ಮೇಲೇ ಇರುತ್ತಿತ್ತು. ಬೀದಿಗೂ ಹನ್ನೆರಡರ ರುಚಿ ಹತ್ತಿತು. ಇಸ್ಪೀಟಿಗೆ ಹೋದ ಗಂಡಂದಿರಿಗೆ ಹನ್ನೆರಡು ಹೊಡೆದ ಮೇಲೆ ಬಾಗಿಲು ತೆರೆಯುವುದಿಲ್ಲವೆಂದು ಹೆಂಗಸರು ಕಾನೂನು ಮಾಡಿದರು. ಬೆಳಿಗ್ಗೆ ನೀರಿಗೆ ಹೋಗುವಾಗ ನಾನು ಬೇಲಿಗಳ ಮೇಲಿನ ಚಾಪೆಗಳನ್ನು ಎಣಿಸುತ್ತಿದ್ದೆ. ಏಳು ಇದ್ದದ್ದು ಎರಡಕ್ಕೆ ಬಂತು. "ಸೋರೋದು ನಿಲ್ತಾ?" ಎಂದು ಸಿದ್ದಮ್ಮ ಬೀದಿಯುದ್ದಕ್ಕೂ ಕೇಳಿಕೊಂಡು ಹೋಗುವಳು. "ಈ ಸಲ ಮಳೇನೇ ಕಮ್ಮಿ ಕಣಕ್ಕ" ಎಂದು ಅವರು ನಗುವರು.

ಹಬ್ಬದ ರಜದ ಹಿಂದಿನ ಸಂಜೆ ಕಾಮಾಕ್ಷಮ್ಮನವರು ಹಾಸಿಗೆ, ದಿಂಬು, ತಾಮ್ರದ ಚೊಂಬಿನಲ್ಲಿ ನೀರು, ಇಷ್ಟನ್ನೂ ಹೊರಿಸಿಕೊಂಡು ಬಂದರು. ಕಮಲಳ ಚಾಪೆಗೂ ಹಿತ್ತಲ ಬಾಗಿಲಿಗೂ ನಡುವೆ ಹಾಸಿದರು. ಮಲಗುವ ಮುನ್ನ ಚೊಂಬಿನ ನೀರನ್ನು ಪೂರಾ ಕುಡಿದರು. ಕಮಲ ಅವರನ್ನೇ ನೋಡಿ, ತಾನೂ ಒಂದು ಲೋಟ ಕುಡಿದಳು.

ನನಗೆ ನಿದ್ದೆ ಬರಲಿಲ್ಲ. ಗಡಿಯಾರ ತಾತನ ಹತ್ತಿರ. ಹೊತ್ತು ಎಷ್ಟಾಯಿತೆಂದು ಕಿವಿಯಲ್ಲೇ ಅಳೆಯಬೇಕು. ಇಸ್ಪೀಟಿನವರ ಚಪ್ಪಲಿ ಸದ್ದು ಹೋಯಿತು. ಬಾಗಿಲುಗಳು ಮುಚ್ಚಿದವು. ಇನ್ನೇನು ಹೊಡೆಯುತ್ತಾರೆ ಎಂದುಕೊಂಡೆ. ಹೊಡೆಯಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಕಾದೆ. ಆಗಲೂ ಇಲ್ಲ. ಹನ್ನೆರಡು ದಾಟಿರುವುದು ಖಂಡಿತ. ಕಮಲಳ ಚಾಪೆಯ ಭಯ ಒಂದು ಕಡೆ. ಎಂಬತ್ತು ದಾಟಿದ ತಾತ ಕಂಬಿ ಹೊಡೆಯಲಿಲ್ಲವೆಂದರೆ ಏನು ಅರ್ಥವೆಂಬ ಭಯ ಇನ್ನೊಂದು ಕಡೆ. ಜಾಗಟೆ ಹೊಡೆದು ಅಪಶಕುನ ತಂದವಳು ನಾನೇ ಎನ್ನಿಸಿತು.

ಎದ್ದು ನೋಡಿದರೆ ಕಮಲಳ ಚಾಪೆ ಖಾಲಿ. ಮುಟ್ಟಿದೆ. ಬೆಚ್ಚಗಿತ್ತು, ಒದ್ದೆಯಿರಲಿಲ್ಲ. ಹಿತ್ತಲ ಬಾಗಿಲು ಓರೆಯಾಗಿತ್ತು.

ಜಿನುಗು ಮಳೆಯಲ್ಲಿ ಅವಳು ಬೇಲಿಯ ಕಂಡಿಯ ಬಳಿ ನಿಂತಿದ್ದಳು.

"ಟೀಚರಕ್ಕ, ತಾತ ಹೊಡೀಲೇ ಇಲ್ಲ" ಎಂದಳು.

"ಮತ್ತೆ ನೀನು ಹೇಗೆ ಎದ್ದೆ?"

"ಎಚ್ಚರ ಆಯ್ತು. ಹೋಗಿ ಬಂದೆ." ಅದು ದೊಡ್ಡ ಸಂಗತಿಯೇ ಅಲ್ಲವೆಂಬಂತೆ ಹೇಳಿ, ಎದುರು ಮನೆಯ ಕಡೆ ಕೈ ತೋರಿಸಿದಳು. "ಆದ್ರೆ ವನಜಮ್ಮನ ಮಕ್ಳು?"

ಅಷ್ಟರಲ್ಲಿ ತಾತನ ಕಿಟಕಿಯಿಂದ ಒಂದು ಸದ್ದು ಬಂತು. ಗರಗಸ ಎಳೆದಂಥ, ದೀರ್ಘವಾದ, ಸುಖವಾದ ಗೊರಕೆ. ನಾನು ಬೇಲಿ ಹಿಡಿದುಕೊಂಡು ನಕ್ಕೆ. ನಿದ್ದೆಯೇ ಇಲ್ಲವೆನ್ನುತ್ತಿದ್ದ ತಾತ ಅಲಾರಂ ಕೂಡ ಕೇಳದೆ ಮಲಗಿದ್ದರು.

ಕಮಲ ಕಂಡಿಯಲ್ಲಿ ನುಸುಳಿ ಸೀಬೆ ಮರದ ಕೆಳಗೆ ಹೋದಳು. ಕಬ್ಬಿಣದ ಸಲಾಕೆ ಅವಳ ತೋಳಿನಷ್ಟೇ ಉದ್ದ. ಎರಡೂ ಕೈಯಲ್ಲಿ ಹಿಡಿದು ಬೀಸಿದಳು. ಒಂದು. ಎರಡು. ಪ್ರತಿ ಪೆಟ್ಟಿಗೂ ಮರದಿಂದ ನೀರು ಅವಳ ತಲೆಯ ಮೇಲೆ ಸುರಿಯುತ್ತಿತ್ತು. ಐದಕ್ಕೆ ವನಜಮ್ಮನ ಮನೆಯಲ್ಲಿ ಬಾಗಿಲು ಕಿರ್ರೆಂದಿತು. ಒಂಬತ್ತಕ್ಕೆ ಇನ್ನೆರಡು ಮನೆಗಳಲ್ಲಿ. ನಾನೂ ಜೊತೆಗೆ ಎಣಿಸಿದೆ. ಹನ್ನೆರಡು. ಒಂದು ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ. ಗೊರಕೆ ನಡುವೆ ಒಮ್ಮೆಯೂ ತಪ್ಪಲಿಲ್ಲ.

ತಿರುಗಿದರೆ ಬಾಗಿಲಲ್ಲಿ ಕಾಮಾಕ್ಷಮ್ಮನವರು. ಒಂದು ಕೈಯಲ್ಲಿ ಲಾಟೀನು, ಇನ್ನೊಂದು ಕೈಯಲ್ಲಿ ಸೀರೆಯ ನಿರಿಗೆ. ಎಷ್ಟು ಹೊತ್ತಿನಿಂದ ನಿಂತಿದ್ದರೋ. ನಾನು ವಿವರಿಸಲು ಬಾಯಿ ತೆರೆದೆ.

"ಆಮೇಲೆ ಹೇಳಿ. ಮೊದಲು ದಾರಿ ಬಿಡಿ" ಎಂದು ಹಿತ್ತಲ ಮೂಲೆಯ ಕಡೆ ಬೇಗ ಬೇಗ ನಡೆದರು. ಚೊಂಬು ನೀರು ಅವರೂ ಕುಡಿದಿದ್ದರಲ್ಲ.

ಬೆಳಿಗ್ಗೆ ಒಂಬತ್ತು ಚಾಪೆ ಗೋಡೆಗಿದ್ದವು. ಕಾಮಾಕ್ಷಮ್ಮನವರು ಪಾತ್ರೆಯ ತಳ ನೋಡುವಂತೆ ಒಂದೊಂದನ್ನೂ ಮುಟ್ಟಿ ನೋಡಿದರು. ಕೊನೆಯದರ ಬಳಿ ನಿಂತು ತಮ್ಮ ಹಾಸಿಗೆಯನ್ನೂ ಸುತ್ತಿ ಅದರ ಪಕ್ಕದಲ್ಲಿಟ್ಟರು.

ಕಮಲ ತಲೆ ಬಾಚಿಕೊಂಡು, ತಗಡಿನ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎಳೆಯುತ್ತ ಬಾಗಿಲಿಗೆ ತಂದಳು. ಅವಳ ತಂದೆ ಹೊರಗೆ ಕಾಯುತ್ತಿದ್ದರು. ಹತ್ತು ಗಂಟೆಗೆ ಸಿದ್ದಾಪುರದ ಬಸ್ಸು.

"ಅದನ್ಯಾಕೆ ಎಳೀತಿದ್ದೀಯೇ?" ಎಂದರು ಕಾಮಾಕ್ಷಮ್ಮನವರು.

ಕಮಲ ನನ್ನ ಮುಖ ನೋಡಿದಳು. "ಪೆಟ್ಟಿಗೆ ಸಮೇತ ಹೋಗ್ಬೇಕು ಅಂತ..."

"ಹಬ್ಬಕ್ಕೆ ನಾಲ್ಕು ದಿನ ಹೋಗಿ ಬರೋಳಿಗೆ ಒಂದು ಬಟ್ಟೆಗಂಟು ಸಾಕು. ಪೆಟ್ಟಿಗೆ ಇಲ್ಲೇ ಇರ್ಲಿ." ಕೊಡೆ ತೆಗೆದುಕೊಂಡು ಎರಡು ಮೆಟ್ಟಿಲಿಳಿದು ಮತ್ತೆ ತಿರುಗಿದರು. "ನಾನು ಬರೋ ರಾತ್ರಿ ಆ ಕಂಬಿ ಸ್ವಲ್ಪ ಬೇಗ ಹೊಡೆದ್ರೆ ಒಳ್ಳೇದು. ಹನ್ನೊಂದೂವರೆ."

ಸಣ್ಣಸ್ವಾಮಿ ತಾತ ಟೈಂಪೀಸು ಹಿಡಿದುಕೊಂಡು ಬಂದದ್ದು ಆಗ. ಮುಖ ಸಪ್ಪಗಿತ್ತು, ಕಣ್ಣು ಮಾತ್ರ ಹೊಳೆಯುತ್ತಿತ್ತು. "ತಪ್ಪಾಯ್ತು ಕಣವ್ವ. ಎಷ್ಟೋ ವರ್ಷದ ಮ್ಯಾಲೆ ಬೆಳಗಾಗೋಗಂಟ ಮಲಗ್ಬುಟ್ಟೆ. ಎದ್ದು ನೋಡಿದ್ರೆ ಬೀದೀಲಿ ಒಂದು ಬೇಲಿ ಮ್ಯಾಲೂ ಚಾಪೆ ಇಲ್ಲ. ಯಾರು ಹೊಡೆದದ್ದು?"

ಕಮಲ ಕೈ ಮೇಲೆತ್ತಿದಳು, ತರಗತಿಯಲ್ಲಿ ಎತ್ತುವಂತೆ.

ಬಸ್ಸು ಹೊರಟಾಗ ಅವಳು ಕಿಟಕಿಯಿಂದ ತಲೆ ಹೊರಗೆ ಹಾಕಿ ಏನೋ ಕೇಳಿದಳು. ಇಂಜಿನ್ನಿನ ಸದ್ದಿನಲ್ಲಿ ಅರ್ಧ ಕೇಳಿಸಿತು: "...ರಜದಲ್ಲಿ ತಾತ ಮಲಗ್ಬಿಟ್ರೆ ಯಾರು ಹೊಡೀತಾರೆ?"

"ನಾನು" ಎಂದೆ. ಅವಳು ಕಿವಿಗೆ ಕೈಯಿಟ್ಟು ಕೇಳಲಿಲ್ಲವೆಂದು ತಲೆಯಾಡಿಸಿದಳು.

"ನಾನು ಹೊಡೀತೀನಿ!" ಎಂದು ಕೂಗಿದೆ.

ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನನ್ನನ್ನೇ ನೋಡಿದರು. ನೋಡಲಿ ಎಂದುಕೊಂಡೆ. ಬಸ್ಸು ತಿರುವು ದಾಟುವವರೆಗೆ ಅಲ್ಲೇ ನಿಂತು ಕೈ ಬೀಸಿದೆ.